ಬೋರಿನ ನೀರಲ್ಲಿ ಪಾಪುವಿನ ಲಂಗೋಟಿ ಬೆಳ್ಳಗಿಡೋದು ಹೇಗೆ?

ಪ್ರಶ್ನೆ: ನಮ್ಮದು ಸಂಡೂರು. ಮನೆಗೆ ಬೋರಿನ ಸವಳು ನೀರೇ ಗತಿ. ಬಿಳಿ ಲಂಗೋಟಿಗಳೆಲ್ಲ ಹಳದಿಯಾಗಿವೆ. ಒಣಹಾಕಿದರೆ ಅದಿರಿನ ಕೆಂಪು ಧೂಳು ಬೇರೆ. ಬ್ಲೀಚಿಂಗ್ ಪುಡಿ ಹಾಕಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ (ರಾಯಚೂರಿನಿಂದ): ತಂಗಿ, ಬ್ಲೀಚಿಂಗ್ ಪುಡಿ ಖಂಡಿತ ಬೇಡ. ನೀರಲ್ಲಿ ಕಬ್ಬಿಣದ ಅಂಶ ಇದ್ದರೆ ಹಳದಿ ಇನ್ನೂ ಜಾಸ್ತಿಯಾಗುತ್ತದೆ. ಕಕ್ಕದ ಲಂಗೋಟಿಯನ್ನು ಮೊದಲು ತಣ್ಣೀರಲ್ಲೇ ಜಾಲಿಸಿ. ಬಿಸಿನೀರು ಬಿದ್ದರೆ ಕಲೆ ನೂಲಿಗೆ ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಬಿಸಿನೀರಲ್ಲಿ ವಾಷಿಂಗ್ ಸೋಡಾ ಕದಡಿ ನೆನೆಹಾಕಿ. ಸವಳು ನೀರಲ್ಲಿ ಸೋಪು ನೊರೆ ಬರದೆ ಜಿಗುಟಾಗಿ ಬಟ್ಟೆಗೆ ಅಂಟುತ್ತದಲ್ವಾ, ಬಿಳಿ ಬಟ್ಟೆ ಮಂಕಾಗೋದೇ ಅದರಿಂದ. ಸೋಡಾ ನೀರಿನ ಗಡಸು ತೆಗೆಯುತ್ತದೆ. ಉಳಿದ ಕಲೆಗೆ ನಿಂಬೆರಸ ಹಚ್ಚಿ, ಒದ್ದೆ ಇರುವಾಗಲೇ ಬಿಸಿಲಿಗೆ ಹಾಕಿ. ನಮ್ಮ ಕಡೆ ಬಿಸಿಲಿಗೇನು ಬರವೇ! ಆದರೆ ಪಾಪುಗೆ ಕಟ್ಟುವ ಮೊದಲು ಇನ್ನೊಮ್ಮೆ ಚೆನ್ನಾಗಿ ಜಾಲಿಸಲೇಬೇಕು. ಘಮಘಮ ಅನ್ನುವ ಸಾಫ್ಟನರ್ ಮಾತ್ರ ಹಾಕಬೇಡಿ, ಲಂಗೋಟಿ ನೀರು ಹೀರೋದು ಕಡಿಮೆಯಾಗುತ್ತದೆ.

ಇನ್ನೊಂದು ಉತ್ತರ: ಕೆಂಪು ಧೂಳನ್ನು ಒಣಗಿದ್ದಾಗಲೇ ಕೊಡವಿ. ಒದ್ದೆ ಕೈಯಲ್ಲಿ ಉಜ್ಜಿದರೆ ಒಳಗಿಳಿಯುತ್ತದೆ.

ಪ್ರಶ್ನೆ: ಅಕ್ಕಾ, ಅಂಟುವಾಳ ಕಾಯಿ ನಡೆಯುತ್ತಾ?

ಉತ್ತರ: ದಿನದ ಒಗೆತಕ್ಕೆ ನಡೆಯುತ್ತದೆ ತಂಗಿ. ಕುದಿಸಿದ ನೀರು ಕಂದಾಗಿರುತ್ತದೆ, ಸೋಸಿ ಹಾಕಿ. ಹಳೇ ಕಲೆಗೆ ಸೋಡಾ, ಬಿಸಿಲೇ ಸರಿ.