ಇಂಟರ್ನಲ್ಸ್‌ನಲ್ಲಿ ಎಂಥ ಪ್ರಶ್ನೆ ಕೇಳಬೇಕು? ಅನುಭವ ಇದ್ದವರು ಹೇಳಿ

ಹಾವೇರಿಯಿಂದ, ಮೆಡಿಸಿನ್ ವಿಭಾಗ:
ಈ ಸಲ ಎಂಬಿಬಿಎಸ್ ಇಂಟರ್ನಲ್ಸ್ (ಕಾಲೇಜಿನೊಳಗೇ ನಡೆಸುವ ಪರೀಕ್ಷೆ) ಪೇಪರ್ ಸೆಟ್ ಮಾಡುವ ಕೆಲಸ ನನಗೆ ಬಂದಿದೆ. ಹಿರಿಯರೊಬ್ಬರು ಲಾಂಗ್ ಎಸ್ಸೇ (ಉದ್ದ ಉತ್ತರದ ಪ್ರಶ್ನೆ) ಕೈಬಿಡಬೇಡಿ ಅಂತಾರೆ. ಇನ್ನೊಬ್ಬರು ಎಲ್ಲಾ ಎಂಸಿಕ್ಯೂ (ಆಯ್ಕೆ ಕೊಟ್ಟು ಕೇಳುವ ಪ್ರಶ್ನೆ) ಮಾಡಿ, ತಿದ್ದೋದು ಸುಲಭ ಅಂತಾರೆ. ವಿದ್ಯಾರ್ಥಿಗೆ ನಿಜವಾಗಿ ಎಷ್ಟು ತಿಳಿದಿದೆ ಅನ್ನೋದು ಯಾವುದರಲ್ಲಿ ಗೊತ್ತಾಗುತ್ತೆ? ಪಾಠ ಮಾಡಿದವರು, ಪರೀಕ್ಷೆ ಬರೆದವರು ಇಬ್ಬರೂ ಹೇಳಿ.

ಹುಬ್ಬಳ್ಳಿಯಿಂದ, ಮೆಡಿಸಿನ್ ಕಲಿಸುವವರು:
ಮೇಡಂ, ಎಸ್ಸೇ ಅಂದರೆ ಆಳ, ಎಂಸಿಕ್ಯೂ ಅಂದರೆ ಬಾಯಿಪಾಠ ಅಂತ ಬಹಳ ಜನ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. 2007ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಮಾಡಿಫೈಡ್ ಎಸ್ಸೇ (ಒಂದೇ ಕೇಸನ್ನು ಹಂತ ಹಂತವಾಗಿ ಕೊಟ್ಟು ಬರೆಸುವ ಪ್ರಶ್ನೆ) ಮತ್ತು ಎಂಸಿಕ್ಯೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಎಸ್ಸೇ ಪ್ರಶ್ನೆಗಳಲ್ಲಿ ಬಹಳಷ್ಟು ಬರೀ ನೆನಪನ್ನೇ ಪರೀಕ್ಷಿಸುತ್ತಿದ್ದವು. ಸರಿಯಾಗಿ ಬರೆದ ಎಂಸಿಕ್ಯೂ ಎಷ್ಟೋ ಸಲ ಅದಕ್ಕಿಂತ ಮುಂದೆ ಹೋಗಿತ್ತು.

ನಮ್ಮ ವಾರ್ಡಿನ ಉದಾಹರಣೆಯನ್ನೇ ತಗೊಳ್ಳಿ. 'ಆರ್ಗನೋಫಾಸ್ಫರಸ್ (ಒಂದು ಬಗೆಯ ಕೀಟನಾಶಕ) ವಿಷದ ಲಕ್ಷಣ ಮತ್ತು ಚಿಕಿತ್ಸೆ ಬರೆಯಿರಿ.' ಐದು ಅಂಕದ ಶಾರ್ಟ್ ಎಸ್ಸೇ. ನೋಟ್ಸ್ ಓದಿದವರೆಲ್ಲ ಬರೆಯುತ್ತಾರೆ. ರೋಗಿಯನ್ನೇ ನೋಡದವರೂ ಬರೆಯುತ್ತಾರೆ.

ಈಗ ಅದನ್ನೇ ಎಂಸಿಕ್ಯೂ ಮಾಡಿ. ಹತ್ತಿ ಹೊಲಕ್ಕೆ ಔಷಧ ಹೊಡೆಯುತ್ತಿದ್ದ ರೈತನನ್ನು ಕ್ಯಾಶುವಲ್ಟಿಗೆ ತಂದಿದ್ದಾರೆ. ಆಟ್ರೊಪಿನ್ (ಈ ವಿಷಕ್ಕೆ ಕೊಡುವ ಮದ್ದು) ಕೊಟ್ಟಾಗಿದೆ. ಕಣ್ಣಿನ ಪಾಪೆ ಹಿಗ್ಗಿದೆ, ಆದರೆ ಎದೆಯಲ್ಲಿ ಇನ್ನೂ ಕ್ರೆಪಿಟೇಷನ್ಸ್ (ಶ್ವಾಸಕೋಶದಲ್ಲಿ ದ್ರವ ಇರುವ ಸದ್ದು) ಇದೆ. ಮುಂದೇನು? ಪಾಪೆ ನೋಡಿ ಆಟ್ರೊಪಿನ್ ನಿಲ್ಲಿಸುವವನು ಇಲ್ಲೇ ಸಿಕ್ಕಿಬೀಳುತ್ತಾನೆ. ಎದೆ ಕ್ಲಿಯರ್ ಆಗುವವರೆಗೆ ಕೊಡಬೇಕು ಅಂತ ಅರ್ಥ ಮಾಡಿಕೊಂಡವನು ಸರಿ ಹೇಳುತ್ತಾನೆ. ಒಂದೇ ಅಂಕದ ಪ್ರಶ್ನೆ, ಆದರೂ ಆ ಶಾರ್ಟ್ ಎಸ್ಸೇಗಿಂತ ಜಾಸ್ತಿ ತಿಳಿಯುತ್ತದೆ.

ಮಾಡಿಫೈಡ್ ಎಸ್ಸೇ ನನಗೆ ಎಲ್ಲಕ್ಕಿಂತ ಇಷ್ಟ. ಅದೇ ರೈತ, ಮೂರನೇ ದಿನ. ಜೊಲ್ಲು, ಬೆವರು ನಿಂತಿದೆ. ಆದರೆ ದಿಂಬಿನಿಂದ ತಲೆ ಎತ್ತಲು ಆಗುತ್ತಿಲ್ಲ. ಇದೇನು, ಯಾವುದರ ಮೇಲೆ ಕಣ್ಣಿಡುತ್ತೀರಿ, ಯಾಕೆ? ಉತ್ತರ: ಇಂಟರ್ಮೀಡಿಯೆಟ್ ಸಿಂಡ್ರೋಮ್ (ಮೊದಲ ಲಕ್ಷಣಗಳು ಇಳಿದ ಮೇಲೆ ಬರುವ ಸ್ನಾಯು ದೌರ್ಬಲ್ಯ), ಉಸಿರಾಟ ಕೈಕೊಡಬಹುದು, ಆಟ್ರೊಪಿನ್ ಹೆಚ್ಚಿಸಿದರೆ ಪ್ರಯೋಜನ ಇಲ್ಲ, ವೆಂಟಿಲೇಟರ್ ಸಿದ್ಧ ಇರಬೇಕು. ಈ ಸರಪಳಿಯನ್ನು ನಾಲ್ಕು ಆಯ್ಕೆ ಕೊಟ್ಟು ಕೇಳಿದರೆ ಆಯ್ಕೆಗಳೇ ಸುಳಿವು ಕೊಟ್ಟುಬಿಡುತ್ತವೆ. ಅವನು ತಾನಾಗಿ ಯೋಚಿಸಿ ಬರೆಯಬೇಕು.

ಒಂದು ಎಚ್ಚರ. ಎರಡನೇ ಭಾಗದಲ್ಲಿ ಮೊದಲನೆಯದರ ಉತ್ತರ ಇರುತ್ತದೆ. ಹಾಗಾಗಿ ಬೇರೆ ಬೇರೆ ಹಾಳೆ ಕೊಟ್ಟು, ಮೊದಲನೆಯದನ್ನು ವಾಪಸ್ ತಗೊಂಡು ಎರಡನೆಯದು ಕೊಡಿ. ಮೊದಲ ಭಾಗ ತಪ್ಪಿದವನಿಗೆ ಎರಡನೆಯದರಲ್ಲೂ ಅಂಕ ಹೋಗಬಾರದು, ಬೇಕಾದ ಮಾಹಿತಿಯನ್ನು ಹೊಸ ಹಾಳೆಯಲ್ಲೇ ಕೊಡಿ.

ಅಂದಹಾಗೆ, ಎಲ್ಲಾ ಎಂಸಿಕ್ಯೂ ಅನ್ನುವವರಿಗೆ ಹೇಳಿ: ಯೂನಿವರ್ಸಿಟಿಯ ಥಿಯರಿ (ಲಿಖಿತ) ಪರೀಕ್ಷೆಯಲ್ಲಿ ಎಂಸಿಕ್ಯೂಗೆ ಶೇ 20ಕ್ಕಿಂತ ಹೆಚ್ಚು ಅಂಕ ಇರಬಾರದು ಅಂತ 2019ರ ಎಂಬಿಬಿಎಸ್ ನಿಯಮದಲ್ಲೇ ಹೇಳಿತ್ತು. ಬರೆಯುವ ಅಭ್ಯಾಸ ಇಂಟರ್ನಲ್ಸ್‌ನಲ್ಲೇ ಆಗಬೇಕು ಅಲ್ವಾ?

ಗದಗದಿಂದ, ಪೆಥಾಲಜಿ:
ಸರ್ ಹೇಳಿದ್ದು ಸರಿ. ನನ್ನದು ತಿದ್ದುವ ಕಡೆಯ ಮಾತು. ಲಾಂಗ್ ಎಸ್ಸೇಗೆ ಕೀ (ಮಾದರಿ ಉತ್ತರ, ಅಂಕ ಹಂಚಿಕೆ) ಇಲ್ಲದಿದ್ದರೆ ಒಂದೇ ಉತ್ತರಕ್ಕೆ ಒಬ್ಬರು ನಾಲ್ಕು, ಇನ್ನೊಬ್ಬರು ಏಳು ಕೊಡುತ್ತಾರೆ. ಪ್ರಶ್ನೆ ಬರೆದ ದಿನವೇ ಕೀ ಬರೆಯಿರಿ, ಯಾವ ಪಾಯಿಂಟಿಗೆ ಎಷ್ಟು ಅಂತ. ಕೀ ಬರೆಯಲು ಆಗುತ್ತಿಲ್ಲ ಅಂದರೆ ಪ್ರಶ್ನೆಯೇ ಸ್ಪಷ್ಟ ಇಲ್ಲ. ಒಂದು ಪ್ರಶ್ನೆಯನ್ನು ಎಲ್ಲಾ ಪೇಪರ್‌ಗಳಲ್ಲೂ ಒಬ್ಬರೇ ತಿದ್ದಲಿ, ಆಮೇಲೆ ಮುಂದಿನ ಪ್ರಶ್ನೆ. ಮೊದಲ ಉತ್ತರದ ಅಕ್ಷರ ಚಂದ ಇದ್ದರೆ ಉಳಿದವಕ್ಕೂ ಕೈ ಧಾರಾಳ ಆಗುವುದು ಇದರಿಂದ ತಪ್ಪುತ್ತದೆ.

ಎಂಸಿಕ್ಯೂ ತಿದ್ದೋದು ಸುಲಭ, ಬರೆಯೋದು ಕಷ್ಟ. ಆಯ್ಕೆಗಳನ್ನು ಕೈಯಿಂದ ಮುಚ್ಚಿ ಪ್ರಶ್ನೆ ಓದಿ. ಉತ್ತರ ಹೊಳೆಯಬೇಕು. 'ಮೇಲಿನ ಎಲ್ಲವೂ' ಬೇಡ. ಸರಿ ಉತ್ತರ ಮಾತ್ರ ಉದ್ದ ಇರುವುದೂ ಬೇಡ, ಹುಡುಗರು ಬೇಗ ಕಂಡುಹಿಡಿಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಐಟಂ ಅನಾಲಿಸಿಸ್ (ಪ್ರತಿ ಪ್ರಶ್ನೆಯನ್ನು ಯಾರು ಸರಿ, ಯಾರು ತಪ್ಪು ಮಾಡಿದರು ಅಂತ ನೋಡುವುದು) ಮಾಡಿ. ಚೆನ್ನಾಗಿ ಓದುವವರೇ ತಪ್ಪಿ, ಹಿಂದೆ ಉಳಿದವರು ಸರಿ ಮಾಡಿದ್ದರೆ ಆ ಪ್ರಶ್ನೆಯಲ್ಲೇ ಏನೋ ತೊಂದರೆ ಇದೆ.

ಧಾರವಾಡದಿಂದ, ಇಂಟರ್ನ್:
ಮೇಡಂ, ಬರೆದವಳ ಮಾತು ಕೇಳಿ. ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಲಾಂಗ್ ಎಸ್ಸೇಯಲ್ಲಿ ವಿಷಯ ಗೊತ್ತಿದ್ದರೂ ಇಂಗ್ಲಿಷ್ ವಾಕ್ಯ ಕಟ್ಟುವಷ್ಟರಲ್ಲಿ ಟೈಮ್ ಮುಗಿಯುತ್ತಿತ್ತು. ನನ್ನಂಥವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಮೂರು ಅಂಕದ ಶಾರ್ಟ್ ಆನ್ಸರ್‌ನಲ್ಲಿ ಎರಡು ಸಾಲು, ಒಂದು ಫ್ಲೋಚಾರ್ಟ್ ಬರೆದರೆ ಸಾಕು. ಅಲ್ಲಿ ನನಗೆ ಗೊತ್ತಿದ್ದದ್ದು ಪೂರ್ತಿ ಪೇಪರ್ ಮೇಲೆ ಬರುತ್ತಿತ್ತು. ಲಾಂಗ್ ಎಸ್ಸೇ ಕೊಟ್ಟರೂ ಎ, ಬಿ, ಸಿ ಅಂತ ಒಡೆದು, ಪ್ರತಿಯೊಂದಕ್ಕೂ ಅಂಕ ಹಾಕಿ ಕೊಡಿ.

ಹಾವೇರಿಯಿಂದ, ಮೆಡಿಸಿನ್ ವಿಭಾಗ:
ಎಲ್ಲರಿಗೂ ಧನ್ಯವಾದ. ಲಾಂಗ್ ಎಸ್ಸೇ ಒಂದೇ ಇಡುತ್ತೇನೆ, ಕೇಸ್ ಕೊಟ್ಟು, ಭಾಗ ಮಾಡಿ. ಎಂಸಿಕ್ಯೂ ಶೇ 20. ಉಳಿದದ್ದು ಶಾರ್ಟ್ ಆನ್ಸರ್. ಹಾಳೆ ವಾಪಸ್ ತಗೊಳ್ಳುವ ಮಾಡಿಫೈಡ್ ಎಸ್ಸೇಯನ್ನು ಮೊದಲು ಪೋಸ್ಟಿಂಗ್ (ವಾರ್ಡಿನಲ್ಲಿ ಕಲಿಯುವ ಅವಧಿ) ಕೊನೆಯ ಟೆಸ್ಟ್‌ನಲ್ಲಿ ಸಣ್ಣ ಬ್ಯಾಚ್‌ಗೆ ಕೊಡುತ್ತೇನೆ. ಗದಗದ ಮೇಡಂ, ನನ್ನ ಎಂಸಿಕ್ಯೂಗಳನ್ನು ಕಳಿಸಿದರೆ ಒಮ್ಮೆ ನೋಡುತ್ತೀರಾ?

ಗದಗದಿಂದ, ಪೆಥಾಲಜಿ:
ಖಂಡಿತ ಕಳಿಸಿ. ಕೀ ಬಿಟ್ಟು ಕಳಿಸಿ, ನಾನೇ ಉತ್ತರಿಸಿ ನೋಡುತ್ತೇನೆ.