ಪದಚರ್ಚೆ: 'ಫ್ಯಾಂಗೈರ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಇವತ್ತು ರಾತ್ರಿಯೊಳಗೆ. 'ಕಮೆನ್ ರೈಡರ್ ಕಿವಾ' ಅಂತ ಜಪಾನಿನ ಟಿವಿ ಸರಣಿ. ಟಿವಿ ಅಸಾಹಿಯಲ್ಲಿ 2008ರ ಜನವರಿ 27ಕ್ಕೆ ಶುರುವಾಗಿ 48 ಕಂತು ಬಂತು. ಮೊದಲ ಕಂತಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ವೈರಿಗಳದು ವ್ಯಾಂಪೈರ್‌ನಂಥ ಕುಲ, ಹೆಸರು ಫ್ಯಾಂಗೈರ್. 'ರಕ್ತಪಿಶಾಚಿ' ಹಾಕಿ ನೋಡಿದೆ, ಮನಸ್ಸು ಒಪ್ಪಲಿಲ್ಲ. ನಾಯಕ ವತಾರುವಿನ ಅಪ್ಪ ಮನುಷ್ಯ, ತಾಯಿ ಅದೇ ಕುಲದವಳು. ಅವಳನ್ನು ಪಿಶಾಚಿ ಅಂದರೆ ಮುಂದೆ ಕತೆಯೇ ಕೆಡುತ್ತೆ. ಪದ ಚಿಕ್ಕದಿರಲಿ, ತೆರೆಯ ಮೇಲೆ ಜಾಗ ಕಮ್ಮಿ.
— ಮೈಸೂರಿನಿಂದ

ನೆತ್ತರುಗುಡುಕ. ಹೆಂಡಗುಡುಕ ಇದ್ದ ಹಾಗೆ. ನೆತ್ತರು ಅಚ್ಚಗನ್ನಡ, ತೆಲುಗಿನಲ್ಲೂ ನೆತ್ತುರು. ರಕ್ತ, ಪಿಶಾಚಿ ಎರಡೂ ಬೇಡ. ಇದರಲ್ಲಿ ಚರ್ಚೆ ಮಾಡೋಕೆ ಏನೂ ಇಲ್ಲ.
— ಶಿವಮೊಗ್ಗದಿಂದ

ಇದೆ ಸಾರ್. ಫ್ಯಾಂಗೈರ್‌ಗಳು ರಕ್ತ ಕುಡಿಯುವುದೇ ಇಲ್ಲ! ಗಾಳಿಯಲ್ಲಿ ಎರಡು ಕೋರೆಹಲ್ಲು ಮೂಡಿ ಬಂದು ಚುಚ್ಚುತ್ತವೆ, ಜೀವಶಕ್ತಿ ಹೀರುತ್ತವೆ. ಸಿಕ್ಕವನು ಗಾಜಿನ ಹಾಗೆ ಬಣ್ಣಗೆಟ್ಟು ಹೋಗುತ್ತಾನೆ. ಫ್ಯಾಂಗೈರ್ ಸತ್ತಾಗಲೂ ಅಷ್ಟೇ, ಚರ್ಚಿನ ಬಣ್ಣದ ಕಿಟಕಿ ಒಡೆದ ಹಾಗೆ ಚೂರುಚೂರು. ನೆತ್ತರಿಗೆ ಇಲ್ಲಿ ಕೆಲಸವೇ ಇಲ್ಲ. ಕೃಷ್ಣ ಪೂತನಿಯ ಮೊಲೆಹಾಲಿನ ಜೊತೆ ಅಸುವನ್ನೇ ಹೀರಿದ ಅಂತೀವಲ್ವಾ? ಇದು ಆ ಹೀರುವಿಕೆ. 'ಅಸುಹೀರುಗ' ಅನ್ನಿ. ಓದುಗ, ಕೇಳುಗ ನಡೆದ ಮೇಲೆ ಹೀರುಗನೂ ನಡೆಯುತ್ತೆ.
— ಧಾರವಾಡದಿಂದ

ಅಸು ಸಂಸ್ಕೃತ, ಹೀರು ಕನ್ನಡ. ಅರಿಸಮಾಸ. ಶಬ್ದಮಣಿದರ್ಪಣ ತೆಗೆದು ನೋಡಿ. ರಕ್ತ ಕುಡಿಯಲ್ಲ ಅಂದರೆ 'ಉಸಿರುಗುಡುಕ' ಮಾಡಿಕೊಳ್ಳಿ.
— ಶಿವಮೊಗ್ಗದಿಂದ

ಹಾಗಾದರೆ ಮಳೆಗಾಲವನ್ನೂ ಬಿಡ್ತೀರಾ? ಮಳೆ ಕನ್ನಡ, ಕಾಲ ಸಂಸ್ಕೃತ. ಉಸಿರನ್ನು ಯಾರೂ ಕುಡಿಯಲ್ಲ. ಸುಮ್ನೆ ಪದ ಹೊಸೆಯಬೇಡಿ.
— ಧಾರವಾಡದಿಂದ

ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಜಪಾನಿಯಲ್ಲಿ ವ್ಯಾಂಪೈರ್‌ಗೆ 'ಕ್ಯೂಕೆತ್ಸುಕಿ' ಅನ್ನೋ ಪದ ಇದ್ದೇ ಇದೆ. ಹೀರು, ರಕ್ತ, ಭೂತ ಅಂತ ಅರ್ಥ ಬರುವ ಮೂರು ಚೀನೀ ಅಕ್ಷರಗಳಲ್ಲಿ ಬರೆಯುತ್ತಾರೆ. ಕೋರೆಹಲ್ಲಿಗೆ 'ಕಿಬಾ' ಇದೆ, ನಾಯಕ ರೂಪ ಬದಲಿಸಿದಾಗಿನ ಹೆಸರು 'ಕಿವಾ' ಅದನ್ನೇ ನೆನಪಿಸುತ್ತೆ. ಆದರೂ ಕುಲಕ್ಕೆ ಹೆಸರಿಡುವಾಗ ಇಂಗ್ಲಿಷಿನ ಫ್ಯಾಂಗ್, ವ್ಯಾಂಪೈರ್ ಎರಡನ್ನೂ ಬೆಸೆದರು. ಆ ವ್ಯಾಂಪೈರ್ ಕೂಡ ಇಂಗ್ಲಿಷಿನ ಸ್ವಂತದ್ದಲ್ಲ, 18ನೇ ಶತಮಾನದಲ್ಲಿ ಸ್ಲಾವ್ ಭಾಷೆಗಳ ಕಡೆಯಿಂದ ಬಂದಿದ್ದು. ಬೇಕಂತಲೇ ಪರಕೀಯವಾಗಿ ಕೇಳಲಿ ಅಂತ ಇಟ್ಟ ಹೆಸರನ್ನು ನಾವು ಯಾಕೆ ಅಳಿಸಬೇಕು? ಫ್ಯಾಂಗೈರ್ ಅಂತಲೇ ಬರೆಯಿರಿ.
— ಬೆಂಗಳೂರಿನಿಂದ

ಹೀಗೆ ಎಲ್ಲವನ್ನೂ ಬಿಟ್ಟುಕೊಟ್ಟೇ ಅಡುಗೆಮನೆ ಕಿಚನ್ ಆಯ್ತು, ಅಕ್ಕಿ ರೈಸ್ ಆಯ್ತು. ಜಪಾನಿನವರು ಎರವಲು ತಂದರೂ ತಮ್ಮ ನಾಲಿಗೆಗೆ ತಕ್ಕಂತೆ ತಿರುಚಿಕೊಳ್ತಾರೆ. ನಾವು ಇದ್ದ ಹಾಗೇ ನುಂಗ್ತೀವಿ. ನನ್ನ ಆಕ್ಷೇಪ ಅದಕ್ಕೇ.
— ಶಿವಮೊಗ್ಗದಿಂದ

ಎಲ್ಲರಿಗೂ ಧನ್ಯವಾದ. ಕುಲದ ಹೆಸರು ಫ್ಯಾಂಗೈರ್ ಅಂತಲೇ ಇರಲಿ. ಅವು ಏನು ಮಾಡುತ್ತವೆ ಅಂತ ಹೇಳುವ ಕಡೆ 'ಅಸು ಹೀರುವವರು' ಅಂತ ಬಿಡಿಸಿ ಬರೆಯುತ್ತೇನೆ, ಸಮಾಸದ ಜಗಳವೇ ಇರಲ್ಲ. ಇನ್ನೊಂದು ಉಳಿದಿದೆ. ಕಿವಾಟ್ ಅನ್ನೋ ಬಾವಲಿ ವತಾರುವಿನ ಕೈ ಕಚ್ಚಿದಾಗಲೇ ಅವನು ರೂಪ ಬದಲಿಸುವುದು. ಕಚ್ಚುವಾಗ ಅದು 'ಗಬು!' ಅನ್ನುತ್ತೆ. ಅಲ್ಲಿ ನಮ್ಮ 'ಗಬಕ್!' ಹಾಕಿದ್ದೇನೆ. ತಕರಾರಿದ್ದರೆ ಒಂಬತ್ತು ಗಂಟೆಯೊಳಗೆ ಬರೆಯಿರಿ.
— ಮೈಸೂರಿನಿಂದ