ಫಿಲಿಪ್ಪೀನ್ಸ್ ಸ್ವಾತಂತ್ರ್ಯ ಮತ್ತು ಅಮೆರಿಕದ ಪಕ್ಷ ರಾಜಕಾರಣ

ಪ್ರಶ್ನೆ:
ಅಮೆರಿಕದಲ್ಲಿ ಆಳುವ ಪಕ್ಷ ಬದಲಾದಂತೆಲ್ಲ ಅದರ ವಸಾಹತಾಗಿದ್ದ ಫಿಲಿಪ್ಪೀನ್ಸ್‌ನ ಭವಿಷ್ಯವೂ ಬದಲಾಯಿತು ಎನ್ನುವುದು ಎಷ್ಟು ಸರಿ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಬಹುಮಟ್ಟಿಗೆ ಸರಿ. ಡೆಮಾಕ್ರಟರ ಆಡಳಿತದಲ್ಲಿ ಬಂದ 1916ರ ಜೋನ್ಸ್ ಕಾಯ್ದೆಯು ಸ್ಥಿರ ಸರ್ಕಾರ ನೆಲೆಗೊಂಡೊಡನೆ ಸ್ವಾತಂತ್ರ್ಯ ನೀಡುವ ಭರವಸೆಯಿತ್ತಿತು. ಅಲ್ಲಿ ಅಮೆರಿಕದ ಪರವಾಗಿ ಆಳುತ್ತಿದ್ದ ಗವರ್ನರ್ ಜನರಲ್ ಹ್ಯಾರಿಸನ್ ಅವರು ಆಡಳಿತದ ಹುದ್ದೆಗಳನ್ನು ಫಿಲಿಪಿನೊಗಳಿಗೆ ವಹಿಸುತ್ತ ಬಂದರು. ಆದರೆ 1921ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ಹಾರ್ಡಿಂಗ್ ನೇಮಿಸಿದ ಹೊಸ ಗವರ್ನರ್ ಜನರಲ್ ಲಿಯೊನಾರ್ಡ್ ವುಡ್ ಆ ಅಧಿಕಾರವನ್ನು ಮರಳಿ ತಮ್ಮ ಹಿಡಿತಕ್ಕೆ ತರಲು ಹೊರಟಾಗ, 1923ರಲ್ಲಿ ಫಿಲಿಪಿನೊ ಸಚಿವರು ರಾಜೀನಾಮೆಯನ್ನೇ ಕೊಡಬೇಕಾಯಿತು.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಪಕ್ಷದ ತತ್ತ್ವಕ್ಕೆ ಅಷ್ಟು ಶ್ರೇಯ ಸಲ್ಲದು. ಆರ್ಥಿಕ ಕುಸಿತದ ದಿನಗಳಲ್ಲಿ ಅಮೆರಿಕದ ರೈತರಿಗೆ ಫಿಲಿಪ್ಪೀನ್ಸ್‌ನಿಂದ ಸುಂಕವಿಲ್ಲದೆ ಬರುತ್ತಿದ್ದ ಸಕ್ಕರೆ ಮತ್ತು ಕೊಬ್ಬರಿ ಎಣ್ಣೆ ಬೇಡವಾಗಿದ್ದವು, ಕಾರ್ಮಿಕ ಸಂಘಗಳಿಗೆ ಫಿಲಿಪಿನೊ ವಲಸಿಗರು ಬೇಡವಾಗಿದ್ದರು. ಸ್ವಾತಂತ್ರ್ಯಕ್ಕೆ ಹತ್ತು ವರ್ಷಗಳ ಅವಧಿ ನಿಗದಿಪಡಿಸಿದ 1934ರ ಟೈಡಿಂಗ್ಸ್–ಮ್ಯಾಕ್‌ಡಫಿ ಕಾಯ್ದೆಯೇ ವಲಸೆಯನ್ನು ವರ್ಷಕ್ಕೆ 50 ಜನರಿಗೆ ಮಿತಿಗೊಳಿಸಿತು. ಕೊಟ್ಟವರ ಉದಾರತೆಯೆಂದು ಇದನ್ನು ಹೊಗಳುವುದು ನನಗೆ ಅನ್ಯಾಯವೆನಿಸುತ್ತದೆ.

ಉತ್ತರ 3:
ಎಲ್ಲವೂ ಪಕ್ಷದ ಮೇಲೆ ನಿಂತಿತ್ತು ಎನ್ನುವ ಮುನ್ನ 1946ರ ಬೆಲ್ ವ್ಯಾಪಾರ ಕಾಯ್ದೆಯನ್ನೂ ಗಮನಿಸಿ. ಡೆಮಾಕ್ರಟಿಕ್ ಅಧ್ಯಕ್ಷ ಟ್ರೂಮನ್ ಅವರೇ ಸಹಿ ಹಾಕಿದ ಆ ಕಾಯ್ದೆ ಫಿಲಿಪ್ಪೀನ್ಸ್‌ನ ನಾಣ್ಯವಾದ ಪೆಸೊವನ್ನು ಡಾಲರಿಗೆ ಕಟ್ಟಿಹಾಕಿ, ನೈಸರ್ಗಿಕ ಸಂಪನ್ಮೂಲಗಳಲ್ಲಿ ಅಮೆರಿಕನ್ನರಿಗೆ ಸಮಾನ ಹಕ್ಕು ಕೊಡಲು ಹೊಸದಾಗಿ ಸ್ವತಂತ್ರವಾದ ದೇಶದ ಸಂವಿಧಾನವನ್ನೇ ತಿದ್ದಿಸಿತು.